ಹಸಿರು ಟಿಕ್ ಬಂದಿತ್ತು, ಪೋರ್ಟ್ ತೆರೆದೇ ಇತ್ತು: ಟೆರಾಫಾರ್ಮ್ ನಿಯಮ ತಪಾಸಣೆಯಲ್ಲಿ ದೋಷ ಹುಡುಕುವ ದಾರಿ

ಕೋಡನ್ನು ತಾನಾಗಿ ಪರೀಕ್ಷಿಸಿ ಓಡಿಸುವ ಪೈಪ್‌ಲೈನ್ ಹಸಿರು. ನಿಯಮ ತಪಾಸಣೆ ಪಾಸ್. ಆದರೆ ಕ್ಲೌಡ್‌ನಲ್ಲಿ ನೋಡಿದರೆ 22ನೇ ಪೋರ್ಟ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಬಾಗಿಲು) ಇಡೀ ಜಗತ್ತಿಗೆ ತೆರೆದುಕೊಂಡಿದೆ. ಅದನ್ನು ತಡೆಯಬೇಕೆಂದೇ ಬರೆದ ನಿಯಮ ರೆಪೊದಲ್ಲೇ, ಅಂದರೆ ಕೋಡ್ ಇಡುವ ಜಾಗದಲ್ಲೇ ಇದೆ. ಅದು ತುಟಿ ಬಿಚ್ಚಿಲ್ಲ.

ಕಳೆದ ಮಳೆಗಾಲದಲ್ಲಿ ನಮಗೆ ಆಗಿದ್ದು ಇದೇ. ನಾನು ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ತಂಡದಲ್ಲಿ ನಾಲ್ಕೇ ಜನ. ಇಬ್ಬರು ಕಾರವಾರದಲ್ಲಿದ್ದಾರೆ, ಒಬ್ಬಳು ಕುಮಟಾದಲ್ಲಿ. ಅಡಿಕೆ ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಸರ್ವರ್‌ಗಳು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲಿವೆ. ಅವನ್ನು ಕೈಯಿಂದ ಕಟ್ಟುವುದಿಲ್ಲ, ಟೆರಾಫಾರ್ಮ್ ಕೋಡ್ ಬರೆದು ಕಟ್ಟುತ್ತೇವೆ. ಅದರಲ್ಲಿ ‘ಪ್ಲ್ಯಾನ್’ ಎಂದರೆ ಏನು ಬದಲಾಗಲಿದೆ ಎಂದು ತೋರಿಸುವುದು, ‘ಅಪ್ಲೈ’ ಎಂದರೆ ನಿಜವಾಗಿ ಕಟ್ಟುವುದು. ಕೋಡ್ ಮುಖ್ಯ ಬ್ರಾಂಚ್‌ಗೆ ಸೇರುವ ಮೊದಲು ಕಾನ್ಫ್‌ಟೆಸ್ಟ್ ಎಂಬ ಸಾಧನ ಅದನ್ನು ನಮ್ಮ ನಿಯಮಗಳ ಮುಂದೆ ಹಿಡಿದು ನೋಡುತ್ತದೆ. ನಿಯಮಗಳು ರೇಗೋ ಭಾಷೆಯಲ್ಲಿವೆ. ರೇಗೋ ಎಂದರೆ ಓಪನ್ ಪಾಲಿಸಿ ಏಜೆಂಟ್ (ಓಪಾ) ಎಂಬ ನಿಯಮ ತಪಾಸಣೆ ಸಾಧನದ ಭಾಷೆ. ಕಾನ್ಫ್‌ಟೆಸ್ಟ್ ನಿಂತಿರುವುದು ಅದರ ಮೇಲೆಯೇ.

ಒಂದು ಸಂಜೆ ಕಾರವಾರದ ಹುಡುಗ ಫೋನ್ ಮಾಡಿದ. ಬೇರೇನೋ ಹುಡುಕಲು ಎಡಬ್ಲ್ಯುಎಸ್‌ನ ಕನ್ಸೋಲ್ ತೆಗೆದಿದ್ದನಂತೆ. ಯಾವ ಪೋರ್ಟ್ ಯಾರಿಗೆ ತೆರೆದಿದೆ ಎಂದು ಹೇಳುವ ಸೆಕ್ಯುರಿಟಿ ಗ್ರೂಪ್ ಕಣ್ಣಿಗೆ ಬಿದ್ದಿತ್ತು.

“ಅಕ್ಕಾ, ಆ ಸೆಕ್ಯುರಿಟಿ ಗ್ರೂಪ್‌ನಲ್ಲಿ 22 ತೆರೆದಿದ್ದು ನೀವಾ?”

“ಇಲ್ಲ ಮಾರಾಯಾ. ಹಾಗೆ ತೆರೆಯಲಿಕ್ಕೆ ಪೈಪ್‌ಲೈನ್ ಬಿಡುವುದೇ ಇಲ್ವಲ್ಲ.”

“ಬಿಟ್ಟಿದೆ ನೋಡಿ. ಟಿಕ್ ಕೂಡ ಇದೆ.”

ಕಾರಣ ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಒಂದನ್ನು ಸರಿಮಾಡಿದರೆ ಅದರ ಹಿಂದೆ ಇನ್ನೊಂದು ಇತ್ತು. ಒಟ್ಟು ಮೂರು ಸಿಕ್ಕವು. ಹುಡುಕುವಾಗ ಇನ್ನೂ ಕೆಲವು ಬಿರುಕು ಕಂಡವು. ನೀವು ಹುಡುಕುವಾಗ ಯಾವ ಕ್ರಮದಲ್ಲಿ ಹೋದರೆ ಸಮಯ ಉಳಿಯುತ್ತದೆಯೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಕಮಾಂಡ್, ಫೀಲ್ಡ್‌ಗಳ ಹೆಸರನ್ನು ಉಚ್ಚಾರದಂತೆ ಕೊಟ್ಟಿದ್ದೇನೆ. ನಿಮ್ಮ ಫೈಲಿನಲ್ಲಿ ಫೀಲ್ಡ್ ಹೆಸರಿನ ಪದಗಳ ನಡುವೆ ಸಾಮಾನ್ಯವಾಗಿ ಅಂಡರ್‌ಸ್ಕೋರ್ ಇರುತ್ತದೆ, ಫ್ಲ್ಯಾಗ್‌ಗಳಲ್ಲಿ ಹೈಫನ್.

ಮೊದಲು ಬಾಗಿಲು ಹಾಕಿ

ದೋಷದ ಮೂಲ ಆಮೇಲೆ ಹುಡುಕಿದರಾಯಿತು. ಮೊದಲು ಪೋರ್ಟ್ ಮುಚ್ಚಿ. ಸರ್ವರ್‌ನ ಲಾಗಿನ್ ಲಾಗ್ ನೋಡಿ, ಗುರುತಿಲ್ಲದವರು ಒಳಗೆ ಬಂದಿದ್ದಾರಾ ಎಂದು ಖಾತ್ರಿ ಮಾಡಿಕೊಳ್ಳಿ. ಅನುಮಾನ ಇದ್ದರೆ ಕೀಗಳನ್ನು ಬದಲಾಯಿಸಿ. ಕನ್ಸೋಲ್‌ನಲ್ಲಿ ಕೈಯಿಂದ ಮುಚ್ಚಿದ್ದರೆ ಕೋಡ್‌ನಲ್ಲೂ ಅದೇ ದಿನ ಮುಚ್ಚಿ. ಇಲ್ಲದಿದ್ದರೆ ಮುಂದಿನ ಅಪ್ಲೈ ಮತ್ತೆ ತೆರೆದುಬಿಡುತ್ತದೆ.

ಬೇಕೆಂದೇ ಒಂದು ತಪ್ಪು ಇಡಿ

ಮೊದಲ ಅರ್ಧ ದಿನ ನಾವು ನಿಯಮದ ಫೈಲನ್ನೇ ಮತ್ತೆ ಮತ್ತೆ ಓದುತ್ತಾ ಕೂತೆವು. ಓದಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕುಮಟಾದ ಹುಡುಗಿ ಹೇಳಿದ ಮೇಲೆ ದಾರಿ ಬದಲಾಯಿಸಿದೆವು. ಒಂದು ಪರೀಕ್ಷಾ ಬ್ರಾಂಚ್ ಮಾಡಿ, ಅದರಲ್ಲಿ ಬೇಕೆಂದೇ ಒಂದು ಕೆಟ್ಟ ಸೆಕ್ಯುರಿಟಿ ಗ್ರೂಪ್ ಬರೆದೆವು. ಪೋರ್ಟ್ 22, ವಿಳಾಸ 0.0.0.0/0, ಅಂದರೆ ಯಾರು ಬೇಕಾದರೂ. ನಿಯಮ ಅತಿ ಸುಲಭವಾಗಿ ಹಿಡಿಯಬೇಕಾದ ತಪ್ಪು ಅದು.

ಅದೂ ಹಸಿರಾಗಿಯೇ ಬಂತು.

ಇದು ತುಂಬಾ ಉಪಕಾರಿ ಸುದ್ದಿ. ಈಗ ನಿಮ್ಮ ಕೈಯಲ್ಲಿ ಗೊತ್ತಿರುವ ಒಂದು ತಪ್ಪು ಇದೆ. ಅದು ಎಲ್ಲಿ ಕಳೆದುಹೋಗುತ್ತದೆ ಎಂದು ಹಂತ ಹಂತವಾಗಿ ಬೆನ್ನುಹತ್ತಬಹುದು. ಒಂದೇ ಎಚ್ಚರಿಕೆ: ಆ ಬ್ರಾಂಚ್‌ನಲ್ಲಿ ಅಪ್ಲೈ ಜಾಬ್ ಓಡದಂತೆ ನೋಡಿಕೊಳ್ಳಿ. ಪ್ಲ್ಯಾನ್ ಸಾಕು.

ಜಾಬ್ ನಿಜವಾಗಿ ಓಡಿತ್ತಾ?

ಟಿಕ್ ನೋಡಬೇಡಿ, ಜಾಬ್‌ನ (ಪೈಪ್‌ಲೈನ್‌ನ ಒಂದು ಹಂತದ) ಲಾಗ್ ತೆರೆಯಿರಿ. ಲಾಗ್ ಇಲ್ಲದಿದ್ದರೆ ಜಾಬ್ ಓಡಿಲ್ಲ. ಗಿಟ್‌ಹಬ್‌ನ ಪೈಪ್‌ಲೈನ್ ಆದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಜಾಬ್‌ಗೆ ಹಾಕಿದ ಷರತ್ತು ಹೊಂದದೆ ಅದು ಸ್ಕಿಪ್ ಆದರೂ, ಸ್ಥಿತಿ ಯಶಸ್ವಿ ಎಂದೇ ದಾಖಲಾಗುತ್ತದೆ. ಮರ್ಜ್ ಮಾಡಲು ಅದು ಕಡ್ಡಾಯ ಚೆಕ್ ಆಗಿದ್ದರೂ ದಾರಿ ಬಿಡುತ್ತದೆ. ‘ಈ ಬ್ರಾಂಚ್ ಆದರೆ ಮಾತ್ರ’ ಎಂಬಂಥ ಷರತ್ತುಗಳನ್ನು ಒಂದೊಂದಾಗಿ ಓದಿ.

ಇನ್ನೊಂದು ಜಾಗ ಪಾತ್ ಫಿಲ್ಟರ್. ‘ಟಿಎಫ್’ ಫೈಲು ಬದಲಾದರೆ ಮಾತ್ರ ತಪಾಸಣೆ ಮಾಡು ಎಂದು ಬರೆದಿರುತ್ತೇವೆ. ಆದರೆ ಮೌಲ್ಯಗಳು ಇರುವುದು ‘ಟಿಎಫ್‌ವಾರ್ಸ್’ ಫೈಲಿನಲ್ಲಿ. ಅಲ್ಲಿ ಒಂದು ಸಾಲು ಬದಲಾಯಿಸಿ ಇಡೀ ನೆಟ್‌ವರ್ಕ್ ತೆರೆಯಬಹುದು, ತಪಾಸಣೆ ಎದ್ದೇ ಇರುವುದಿಲ್ಲ. ನಮ್ಮಲ್ಲಿ ಈ ಬಿರುಕೂ ಇತ್ತು. ಅಂದಿನ ದೋಷಕ್ಕೆ ಅದು ಕಾರಣ ಆಗಿರಲಿಲ್ಲ, ಆದರೂ ಅಂದೇ ಮುಚ್ಚಿದೆವು.

ಫೇಲ್ ಆದದ್ದು ಪೈಪ್‌ಲೈನ್‌ಗೆ ಗೊತ್ತಾಯಿತಾ?

ನಮ್ಮ ಜಾಬ್ ಓಡಿತ್ತು. ಲಾಗ್ ಕೂಡ ಇತ್ತು. ಲಾಗ್ ಕೆಳಗೆ ಸ್ಕ್ರೋಲ್ ಮಾಡುತ್ತಿದ್ದಂತೆ ನನ್ನ ಎದೆ ಧಸಕ್ ಎಂದಿತು. ಬೇರೆ ಒಂದು ನಿಯಮ, ಟ್ಯಾಗ್ ಇಲ್ಲ ಎಂದು ಹೇಳುವಂಥದ್ದು, ‘ಫೇಲ್’ ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೂ ಜಾಬ್ ಹಸಿರು. ಹಳೆಯ ಲಾಗ್‌ಗಳನ್ನು ತೆಗೆದೆವು. ಅಲ್ಲೂ ಅದೇ. ತಪಾಸಣೆ ತಿಂಗಳುಗಟ್ಟಲೆ ಕೂಗಿ ಹೇಳಿದೆ, ಪೈಪ್‌ಲೈನ್ ಕೇಳಿಸಿಕೊಂಡಿಲ್ಲ.

ಪೈಪ್‌ಲೈನ್ ಲಾಗ್ ಓದುವುದಿಲ್ಲ. ಅದು ನೋಡುವುದು ಎಕ್ಸಿಟ್ ಕೋಡ್ ಒಂದನ್ನೇ. 0 ಬಂದರೆ ಪಾಸ್, ಬೇರೆ ಏನು ಬಂದರೂ ಫೇಲ್. ಕಾನ್ಫ್‌ಟೆಸ್ಟ್ ತಪ್ಪು ಕಂಡಾಗ 1 ಕೊಡುತ್ತದೆ. ಆ 1 ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಬಿದ್ದದ್ದು ಎಲ್ಲಿ ಅಂದರೆ, ವರದಿಯನ್ನು ಫೈಲಿನಲ್ಲಿ ಉಳಿಸಲು ನಾನೇ ಬರೆದ ಸಾಲಿನಲ್ಲಿ. ಕಾನ್ಫ್‌ಟೆಸ್ಟ್‌ನ ಔಟ್‌ಪುಟ್ ಅನ್ನು ಪೈಪ್ ಹಾಕಿ, ಸ್ಕ್ರೀನ್‌ಗೂ ಫೈಲಿಗೂ ಬರೆಯುವ ‘ಟೀ’ ಕಮಾಂಡ್‌ಗೆ ಕೊಟ್ಟಿದ್ದೆ. ಕಮಾಂಡ್‌ಗಳನ್ನು ಓಡಿಸುವ ಶೆಲ್ ಆದ ಬ್ಯಾಶ್‌ನಲ್ಲಿ ಹೀಗೆ ಪೈಪ್ ಹಾಕಿದಾಗ ಕೊನೆಯ ಕಮಾಂಡ್‌ನ ಕೋಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ‘ಟೀ’ ತನ್ನ ಕೆಲಸ ಸರಿಯಾಗಿ ಮಾಡಿ 0 ಕೊಟ್ಟಿತು. ಅದರ ಹಿಂದಿನ 1 ಅಲ್ಲೇ ಮಾಯ.

ಪರಿಹಾರ ಒಂದು ಸಾಲು. ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ‘ಪೈಪ್‌ಫೇಲ್’ ಆಯ್ಕೆಯನ್ನು ಸೆಟ್ ಮಾಡಿ. ಆಗ ಪೈಪ್‌ನ ಯಾವ ಕಮಾಂಡ್ ಫೇಲ್ ಆದರೂ ಇಡೀ ಸಾಲು ಫೇಲ್. ಇಲ್ಲಿ ಒಂದು ಸೂಕ್ಷ್ಮ ಇದೆ. ಗಿಟ್‌ಹಬ್ ಆಕ್ಷನ್ಸ್‌ನ ಲಿನಕ್ಸ್ ರನ್ನರ್‌ನಲ್ಲಿ ಶೆಲ್ ಯಾವುದು ಎಂದು ನೀವು ಹೇಳದಿದ್ದರೆ ಬ್ಯಾಶ್ ಓಡುತ್ತದೆ, ಆದರೆ ಪೈಪ್‌ಫೇಲ್ ಇಲ್ಲದೆ. ‘ಶೆಲ್: ಬ್ಯಾಶ್’ ಎಂದು ಬರೆದರೆ ಪೈಪ್‌ಫೇಲ್ ಸಮೇತ ಓಡುತ್ತದೆ. ಒಂದೇ ಬ್ಯಾಶ್, ಎರಡು ನಡತೆ. ಜೆಂಕಿನ್ಸ್ ಎಂಬ ಇನ್ನೊಂದು ಪೈಪ್‌ಲೈನ್ ಸಾಧನದ ಶೆಲ್ ಹಂತದಲ್ಲೂ ಪೈಪ್‌ಫೇಲ್ ತಾನಾಗಿ ಬರುವುದಿಲ್ಲ.

ಕೋಡ್ ನುಂಗುವ ಬೇರೆ ಜಾಗಗಳೂ ಇವೆ. ಸಾಲಿನ ಕೊನೆಗೆ ‘ಅಥವಾ ಟ್ರೂ’ (|| true) ಎಂದು ಸೇರಿಸಿರುತ್ತಾರೆ, ಫೇಲ್ ಆದರೂ 0 ಬರುತ್ತದೆ. ಗಿಟ್‌ಲ್ಯಾಬ್‌ನಲ್ಲಿ ‘ಅಲೌ ಫೇಲ್ಯೂರ್’ ಇರುತ್ತದೆ, ಗಿಟ್‌ಹಬ್‌ನಲ್ಲಿ ‘ಕಂಟಿನ್ಯೂ ಆನ್ ಎರರ್’. ಚೆಕಾವ್ ಎಂಬ ತಪಾಸಣೆ ಸಾಧನ ಬಳಸುವವರು ‘ಸಾಫ್ಟ್ ಫೇಲ್’ ಹುಡುಕಿ ನೋಡಿ. ಅದು ಇದ್ದರೆ ಎಷ್ಟೇ ತಪ್ಪು ಸಿಕ್ಕರೂ 0 ಬರುತ್ತದೆ. ಇವೆಲ್ಲ ಯಾರೋ ಒಂದು ದಿನ, ಅವಸರದಲ್ಲಿ, ‘ನಾಳೆ ತೆಗೆಯೋಣ’ ಎಂದು ಹಾಕಿದವು. ಯಾರು ಹಾಕಿದರು ಎಂದು ಹುಡುಕುವುದರಲ್ಲಿ ಪ್ರಯೋಜನ ಇಲ್ಲ. ತೆಗೆದುಬಿಡಿ, ಸಾಕು.

ಪೈಪ್‌ಫೇಲ್ ಹಾಕಿದೆವು. ಟ್ಯಾಗ್ ನಿಯಮಕ್ಕೆ ಕೆಂಪು ಬಂತು. ಖುಷಿಯಾಯಿತು. ಟ್ಯಾಗ್ ಸರಿಮಾಡಿ ಮತ್ತೆ ಓಡಿಸಿದೆವು. ಪೋರ್ಟ್ 22 ಇನ್ನೂ ಹಸಿರು.

ನಿಯಮ ಲೆಕ್ಕಕ್ಕೇ ಬಂದಿಲ್ಲದಿರಬಹುದು

ಈಗ ಲಾಗ್‌ನ ಕೊನೆಯ ಸಾಲು ಓದಿ. ಎಷ್ಟು ಟೆಸ್ಟ್, ಎಷ್ಟು ಪಾಸ್, ಎಷ್ಟು ಎಚ್ಚರಿಕೆ, ಎಷ್ಟು ಫೇಲ್ ಎಂದು ಕಾನ್ಫ್‌ಟೆಸ್ಟ್ ಬರೆಯುತ್ತದೆ. ಎಲ್ಲರೂ ನೋಡುವುದು ಫೇಲ್ ಸಂಖ್ಯೆಯನ್ನು. ನೀವು ಟೆಸ್ಟ್‌ಗಳ ಸಂಖ್ಯೆ ನೋಡಿ. ನಿಮ್ಮಲ್ಲಿರುವ ನಿಯಮಕ್ಕಿಂತ ಅದು ಕಡಿಮೆ ಇದ್ದರೆ ಕೆಲವು ನಿಯಮ ಓಡೇ ಇಲ್ಲ.

ಕಾನ್ಫ್‌ಟೆಸ್ಟ್ ತಾನಾಗಿ ಹುಡುಕುವುದು ‘ಪಾಲಿಸಿ’ ಎಂಬ ಫೋಲ್ಡರ್‌ನಲ್ಲಿ. ಅದರಲ್ಲೂ ‘ಮೇನ್’ ಎಂಬ ಪ್ಯಾಕೇಜ್‌ನ ನಿಯಮ ಮಾತ್ರ ನೋಡುತ್ತದೆ. ಅಲ್ಲಿಯೂ ‘ಡಿನೈ’, ‘ವಯಲೇಷನ್’, ‘ವಾರ್ನ್’ ಎಂಬ ಹೆಸರಿನಿಂದ ಶುರುವಾಗುವ ನಿಯಮಗಳನ್ನು ಮಾತ್ರ. ನಮ್ಮ ಟ್ಯಾಗ್ ನಿಯಮ ‘ಮೇನ್’ನಲ್ಲಿತ್ತು. ನೆಟ್‌ವರ್ಕ್ ನಿಯಮಗಳನ್ನು ಅಚ್ಚುಕಟ್ಟಾಗಿರಲಿ ಎಂದು ಬೇರೆ ಫೈಲಿಗೆ ತಂದು, ಪ್ಯಾಕೇಜ್ ಹೆಸರನ್ನು ‘ನೆಟ್‌ವರ್ಕ್’ ಎಂದು ಬದಲಾಯಿಸಿದ್ದೆವು. ಆ ಕ್ಷಣದಿಂದ ಅವು ಲೆಕ್ಕದಿಂದ ಹೊರಗೆ. ಉಳಿದ ನಿಯಮಗಳು ಓಡುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎಲ್ಲವೂ ಹೋಗಿದ್ದರೆ ಟೆಸ್ಟ್ ಸೊನ್ನೆ ಎಂದು ಕಣ್ಣಿಗೆ ಬೀಳುತ್ತಿತ್ತು. ಅರ್ಧ ಹೋದರೆ ಕಾಣುವುದು ಕಷ್ಟ, ಅಲ್ವಾ?

ಎಲ್ಲ ನೇಮ್‌ಸ್ಪೇಸ್ (ಅಂದರೆ ಎಲ್ಲ ಪ್ಯಾಕೇಜ್) ನೋಡು ಎಂಬ ‘ಆಲ್ ನೇಮ್‌ಸ್ಪೇಸಸ್’ ಫ್ಲ್ಯಾಗ್ ಹಾಕಿದೆವು. ಪರೀಕ್ಷೆಗೆ ಇಟ್ಟ ತಪ್ಪು ಕೂಡಲೇ ಕೆಂಪಾಯಿತು.

ಆದರೆ ನಿಜವಾಗಿ ತೆರೆದಿದ್ದ ಆ ಸೆಕ್ಯುರಿಟಿ ಗ್ರೂಪ್‌ನ ಕೋಡ್‌ಗೆ ಇನ್ನೂ ಹಸಿರೇ. ಹೊರಗೆ ಕತ್ತಲಾಗಿತ್ತು, ಮಳೆ ಜೋರು, ಕರೆಂಟ್ ಹೋಗಿತ್ತು. ಅಂದಿಗೆ ಅಲ್ಲಿಗೆ ನಿಲ್ಲಿಸಿದೆವು.

ನೆಟ್ ಇಲ್ಲದಾಗಲೂ ಹುಡುಕಬಹುದು

ನಮ್ಮ ಕಡೆಯವರಿಗೆ ಇದು ಮುಖ್ಯ. ಗಾಳಿಮಳೆಗೆ ಮರ ಬಿದ್ದರೆ ಫೈಬರ್ ಹೋಗುತ್ತದೆ, ಮೊಬೈಲ್ ಸಿಗ್ನಲ್ ಹಿತ್ತಲಿನ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಪ್ರತಿ ಸಲ ಪೈಪ್‌ಲೈನ್ ಓಡಿಸಿ ಕಾಯುತ್ತಾ ಕೂರಲು ಆಗುವುದಿಲ್ಲ. ಟೆರಾಫಾರ್ಮ್‌ನ ಎಡಬ್ಲ್ಯುಎಸ್ ಪ್ರೊವೈಡರ್ (ಎಡಬ್ಲ್ಯುಎಸ್ ಜೊತೆ ಮಾತಾಡುವ ಪ್ಲಗಿನ್) ನೂರಾರು ಎಂಬಿ ಇರುತ್ತದೆ, ಅದನ್ನು ಮತ್ತೆ ಮತ್ತೆ ಇಳಿಸಿಕೊಳ್ಳುವುದೂ ಬೇಡ. ಪ್ಲಗಿನ್ ಕ್ಯಾಶ್ ಇಟ್ಟುಕೊಳ್ಳಿ.

ನಿಯಮ ಪರೀಕ್ಷಿಸಲು ಕ್ಲೌಡ್ ಬೇಕಾಗಿಯೇ ಇಲ್ಲ. ಒಂದು ಸಲ ಟೆರಾಫಾರ್ಮ್ ಪ್ಲ್ಯಾನ್ ಮಾಡಿ ಫೈಲಿಗೆ ಉಳಿಸಿ. ‘ಟೆರಾಫಾರ್ಮ್ ಶೋ’ ಕಮಾಂಡ್‌ಗೆ ಜೇಸನ್ ಫ್ಲ್ಯಾಗ್ ಕೊಟ್ಟು ಅದನ್ನು ಜೇಸನ್ (ಸಾಧನಗಳು ಓದಬಲ್ಲ ಪಠ್ಯ ರೂಪ) ಮಾಡಿಕೊಳ್ಳಿ. ಆಮೇಲೆ ನೆಟ್ ಇರಲಿ ಬಿಡಲಿ, ಆ ಒಂದು ಫೈಲ್ ಮತ್ತು ನಿಯಮಗಳ ಫೋಲ್ಡರ್ ಇದ್ದರೆ ಕಾನ್ಫ್‌ಟೆಸ್ಟ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕ್ಷಣದಲ್ಲಿ ಉತ್ತರ ಹೇಳುತ್ತದೆ. ಮರುದಿನ ಬೆಳಗ್ಗೆ ಇನ್ವರ್ಟರ್ ಮೇಲೆ, ನೆಟ್ ಇಲ್ಲದೆ, ನಾನು ಮೂರನೇ ಕಾರಣ ಹುಡುಕಿದ್ದು ಹೀಗೆಯೇ.

ನಿಯಮದ ಕೈಗೆ ಸಿಕ್ಕ ಫೈಲ್ ಯಾವುದು?

ಮೂರನೇ ಕಾರಣಕ್ಕೆ ಹೋಗುವ ಮೊದಲು ಇದನ್ನೂ ನೋಡಿಬಿಡಿ. ಕಾನ್ಫ್‌ಟೆಸ್ಟ್‌ಗೆ ಟೆರಾಫಾರ್ಮ್‌ನ ಮೂಲ ಕೋಡ್ ಫೈಲನ್ನೂ ಕೊಡಬಹುದು, ಪ್ಲ್ಯಾನ್‌ನ ಜೇಸನ್ ಅನ್ನೂ ಕೊಡಬಹುದು. ಎರಡರ ಆಕಾರವೇ ಬೇರೆ. ಒಂದಕ್ಕೆಂದು ಬರೆದ ನಿಯಮಕ್ಕೆ ಇನ್ನೊಂದನ್ನು ಕೊಟ್ಟರೆ ಅದು ಹುಡುಕುವ ಫೀಲ್ಡ್ ಅಲ್ಲಿ ಇರುವುದೇ ಇಲ್ಲ. ಎರರ್ ಬರುವುದಿಲ್ಲ, ಪಾಸ್ ಎಂದೇ ಬರುತ್ತದೆ. ‘ಕಾನ್ಫ್‌ಟೆಸ್ಟ್ ಪಾರ್ಸ್’ ಎಂದು ಓಡಿಸಿದರೆ ನಿಯಮದ ಕಣ್ಣಿಗೆ ಫೈಲ್ ಹೇಗೆ ಕಾಣುತ್ತದೆ ಎಂದು ತೋರಿಸುತ್ತದೆ. ಅನುಮಾನ ಬಂದಾಗ ನಾನು ಮೊದಲು ಒತ್ತುವ ಕಮಾಂಡ್ ಈಗ ಅದೇ.

ಪ್ಲ್ಯಾನ್‌ನ ಜೇಸನ್‌ನೇ ನನಗೆ ಇಷ್ಟ. ಮೂಲ ಕೋಡ್‌ನಲ್ಲಿ ವೇರಿಯಬಲ್‌ನ ಹೆಸರು ಮಾತ್ರ ಇರುತ್ತದೆ. ಪ್ಲ್ಯಾನ್‌ನಲ್ಲಿ ಅದರ ಮೌಲ್ಯ ಬಂದಿರುತ್ತದೆ.

ಜೇಸನ್ ಒಳಗೂ ಒಂದು ಕವಲು ದಾರಿ ಇದೆ. ‘ಪ್ಲ್ಯಾನ್ಡ್ ವ್ಯಾಲ್ಯೂಸ್’ ಎಂಬ ಭಾಗದಲ್ಲಿ ರಿಸೋರ್ಸ್‌ಗಳು (ಟೆರಾಫಾರ್ಮ್ ಕಟ್ಟುವ ಸರ್ವರ್, ಗ್ರೂಪ್ ಮುಂತಾದವು) ಮರದ ಹಾಗೆ ಇರುತ್ತವೆ. ಬುಡದಲ್ಲಿ ‘ರೂಟ್ ಮಾಡ್ಯೂಲ್’, ಅದರ ಒಳಗೆ ‘ಚೈಲ್ಡ್ ಮಾಡ್ಯೂಲ್ಸ್’, ಅವುಗಳ ಒಳಗೆ ಮತ್ತೆ ಚೈಲ್ಡ್. ತುಂಬಾ ಜನ ರೂಟ್‌ನ ರಿಸೋರ್ಸ್‌ಗಳನ್ನು ಮಾತ್ರ ನೋಡುವ ನಿಯಮ ಬರೆಯುತ್ತಾರೆ. ಕೋಡ್ ಚಿಕ್ಕದಿದ್ದಾಗ ಅದು ಕೆಲಸ ಮಾಡುತ್ತದೆ. ಯಾರೋ ಕೋಡನ್ನು ಮಾಡ್ಯೂಲ್‌ಗಳಾಗಿ ಒಡೆದ ದಿನ ನಿಯಮ ಕುರುಡಾಗುತ್ತದೆ. ಶಿರಸಿಯಲ್ಲಿ ಅಡಿಕೆ ಚೀಲದ ಬಾಯಿ ಬಿಚ್ಚಿ ಮೇಲಿನ ನಾಲ್ಕು ಅಡಿಕೆ ನೋಡಿ ಯಾರೂ ದರ ಕಟ್ಟುವುದಿಲ್ಲ. ಕೈ ತಳದವರೆಗೆ ಹಾಕಿ ತೆಗೆಯುತ್ತಾರೆ, ಒಳ್ಳೆಯ ಚಾಲಿ ಅಡಿಕೆಯ ನಡುವೆ ಕಳಪೆ ಕೋಕಾ ಸೇರಿದೆಯಾ ನೋಡುತ್ತಾರೆ. ರೂಟ್ ಮಾತ್ರ ನೋಡುವ ನಿಯಮ ಚೀಲದ ಬಾಯಿಯಲ್ಲೇ ನಿಂತಿರುತ್ತದೆ.

‘ರಿಸೋರ್ಸ್ ಚೇಂಜಸ್’ ಎಂಬ ಭಾಗ ಬಳಸಿ. ಅಲ್ಲಿ ಯಾವ ಮಾಡ್ಯೂಲ್‌ನದೇ ಆಗಲಿ, ಎಲ್ಲ ರಿಸೋರ್ಸ್‌ಗಳೂ ಒಂದೇ ಪಟ್ಟಿಯಲ್ಲಿ ಸಾಲಾಗಿ ಇರುತ್ತವೆ.

ಫೈಲ್ ಹಾಳಾಗಿ ಬರುವುದೂ ಉಂಟು. ಗಿಟ್‌ಹಬ್‌ನಲ್ಲಿ ಟೆರಾಫಾರ್ಮ್ ಸೆಟಪ್ ಮಾಡುವ ಆಕ್ಷನ್ ತಾನಾಗಿ ಒಂದು ರ‍್ಯಾಪರ್ ಹಾಕುತ್ತದೆ. ಅದರಿಂದ ಜೇಸನ್ ಫೈಲಿನಲ್ಲಿ ಬೇಡದ ಸಾಲು ಸೇರಿಕೊಳ್ಳಬಹುದು. ‘ಟೆರಾಫಾರ್ಮ್ ರ‍್ಯಾಪರ್’ ಆಯ್ಕೆಯನ್ನು ಫಾಲ್ಸ್ ಮಾಡಿ. ವಿಂಡೋಸ್‌ನ ಹಳೆಯ ಪವರ್‌ಶೆಲ್ 5.1ರಲ್ಲಿ ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸಿದರೆ ಅದು ಯುಟಿಎಫ್ 16 ಆಗಿ ಉಳಿಯುತ್ತದೆ, ಆಗಲೂ ಓದಲು ಬರದೆ ಎರರ್ ಬರುತ್ತದೆ. ಇಂಥ ಎರರ್ ಅರ್ಥವಾಗದೇ ಹೋದಾಗಲೇ ಜನ ‘ಅಥವಾ ಟ್ರೂ’ ಸೇರಿಸುವುದು.

ರೇಗೋ ಸುಮ್ಮನಿರುವುದು ಯಾಕೆ

ಇದು ನಮ್ಮ ಮೂರನೇ ಕಾರಣ. ಬಿಡಿಸಿ ಹೇಳಬೇಕಾದದ್ದೂ ಇದೇ.

ರೇಗೋದಲ್ಲಿ ಸರಿ, ತಪ್ಪು ಎಂಬ ಎರಡರ ಜೊತೆ ಮೂರನೆಯದೊಂದು ಇದೆ: ‘ಅನ್‌ಡಿಫೈನ್ಡ್’, ಅಂದರೆ ಹೇಳಲು ಏನೂ ಇಲ್ಲ. ಇಲ್ಲದ ಫೀಲ್ಡ್ ಕೇಳಿದರೆ ರೇಗೋ ಎರರ್ ಕೊಡುವುದಿಲ್ಲ. ಅನ್‌ಡಿಫೈನ್ಡ್ ಎಂದುಕೊಂಡು ಆ ನಿಯಮವನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಡಿನೈ ನಿಯಮದ ಒಳಗೆ ಐದು ಸಾಲು ಇದ್ದು ಒಂದು ಸಾಲು ಅನ್‌ಡಿಫೈನ್ಡ್ ಆದರೂ ಡಿನೈ ಹುಟ್ಟುವುದಿಲ್ಲ. ಡಿನೈ ಇಲ್ಲ ಎಂದರೆ ಪಾಸ್. ಫೀಲ್ಡ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಇದೇ ಕಥೆ.

ನಮ್ಮ ನಿಯಮ ಹುಡುಕುತ್ತಿದ್ದದ್ದು ‘ಎಡಬ್ಲ್ಯುಎಸ್ ಸೆಕ್ಯುರಿಟಿ ಗ್ರೂಪ್’ ಎಂಬ ರಿಸೋರ್ಸ್ ಒಳಗಿನ ‘ಇನ್‌ಗ್ರೆಸ್’ (ಒಳಬರುವ ದಾರಿ) ಬ್ಲಾಕ್ ಅನ್ನು. ಅದರಲ್ಲಿ ‘ಸಿಐಡಿಆರ್ ಬ್ಲಾಕ್ಸ್’ ಎಂಬ ವಿಳಾಸಗಳ ಪಟ್ಟಿ ಇರುತ್ತದೆ. ಆದರೆ ನಿಜವಾಗಿ ಪೋರ್ಟ್ ತೆರೆದ ಕೋಡ್‌ನಲ್ಲಿ ಇನ್‌ಗ್ರೆಸ್ ಬ್ಲಾಕ್ ಇರಲೇ ಇಲ್ಲ. ಗ್ರೂಪ್ ಒಂದು ರಿಸೋರ್ಸ್, ಅದರ ದಾರಿ ತೆರೆಯುವುದು ಇನ್ನೊಂದು ರಿಸೋರ್ಸ್. ‘ಎಡಬ್ಲ್ಯುಎಸ್ ವಿಪಿಸಿ ಸೆಕ್ಯುರಿಟಿ ಗ್ರೂಪ್ ಇನ್‌ಗ್ರೆಸ್ ರೂಲ್’ ಎಂದು ಅದರ ಹೆಸರು. ಅದರಲ್ಲಿ ವಿಳಾಸದ ಪಟ್ಟಿ ಇಲ್ಲ, ‘ಸಿಐಡಿಆರ್ ಐಪಿವಿ4’ ಎಂಬ ಒಂದೇ ಮೌಲ್ಯ ಇದೆ. ಕಾರವಾರದ ಹುಡುಗ ಹೊಸ ರೀತಿಯಲ್ಲಿ ಬರೆದಿದ್ದ. ಅವನು ಬರೆದದ್ದೇ ಸರಿಯಾದ ರೀತಿ, ಪ್ರೊವೈಡರ್‌ನ ದಾಖಲೆಯೂ ಅದನ್ನೇ ಶಿಫಾರಸು ಮಾಡುತ್ತದೆ. ಹಿಂದೆ ಉಳಿದದ್ದು ನಮ್ಮ ನಿಯಮ. ಪರೀಕ್ಷೆಗೆಂದು ನಾವು ಇಟ್ಟ ತಪ್ಪು ಹಳೆಯ ರೀತಿಯದು, ಹಾಗಾಗಿ ಅದು ಸಿಕ್ಕಿತ್ತು.

ಒಂದೇ ಪೋರ್ಟ್ ತೆರೆಯಲು ಮುಖ್ಯವಾಗಿ ಮೂರು ದಾರಿಗಳಿವೆ: ಗ್ರೂಪ್‌ನ ಒಳಗಿನ ಬ್ಲಾಕ್, ಹಳೆಯ ‘ಸೆಕ್ಯುರಿಟಿ ಗ್ರೂಪ್ ರೂಲ್’, ಈ ಹೊಸ ಇನ್‌ಗ್ರೆಸ್ ರೂಲ್. ಮೂರಕ್ಕೂ ನಿಯಮ ಬೇಕು. ವಿಳಾಸದಲ್ಲಿ 0.0.0.0/0 ಜೊತೆಗೆ ಐಪಿವಿ6ನ ::/0 ಕೂಡ ನೋಡಬೇಕು. ಪೋರ್ಟ್ 22ಕ್ಕೆ ಸಮ ಇದೆಯಾ ಎಂದು ಕೇಳಿದರೆ ಸಾಲದು. 0ಯಿಂದ 65535ರವರೆಗೆ ತೆರೆದರೆ 22ನೂ ಅದರೊಳಗೆ ಬಂತಲ್ಲ. ‘ಫ್ರಮ್ ಪೋರ್ಟ್’ 22ಕ್ಕಿಂತ ಹೆಚ್ಚಿಲ್ಲ, ‘ಟು ಪೋರ್ಟ್’ 22ಕ್ಕಿಂತ ಕಡಿಮೆ ಇಲ್ಲ ಎಂದು ಕೇಳಿ. ಪ್ರೋಟೊಕಾಲ್ ಮೈನಸ್ 1 ಎಂದಿದ್ದರೆ ಎಲ್ಲ ಪೋರ್ಟ್ ತೆರೆದಂತೆ. ಹೊಸ ರಿಸೋರ್ಸ್‌ನಲ್ಲಿ ಆಗ ಪೋರ್ಟ್ ಸಂಖ್ಯೆಯೇ ಇರುವುದಿಲ್ಲ, ಹೋಲಿಕೆ ಹುಸಿಯಾಗುತ್ತದೆ. ಅದಕ್ಕೆ ಪ್ರತ್ಯೇಕ ನಿಯಮ ಬರೆಯಿರಿ.

ಎಡಬ್ಲ್ಯುಎಸ್‌ನಲ್ಲಿ ಫೈಲ್ ಇಡುವ ಎಸ್3 ಬಕೆಟ್‌ನಲ್ಲೂ ಇದೇ ತರಹ ಆಗಿದೆ. 2022ರಲ್ಲಿ ಬಂದ ಎಡಬ್ಲ್ಯುಎಸ್ ಪ್ರೊವೈಡರ್‌ನ 4ನೇ ಆವೃತ್ತಿಯಲ್ಲಿ ಬಕೆಟ್‌ನ ಎಸಿಎಲ್ (ಯಾರಿಗೆ ಪ್ರವೇಶ ಎಂಬ ಪಟ್ಟಿ), ವರ್ಷನಿಂಗ್, ಎನ್‌ಕ್ರಿಪ್ಷನ್ ಎಲ್ಲ ಬೇರೆ ಬೇರೆ ರಿಸೋರ್ಸ್‌ಗಳಾದವು. ಬಕೆಟ್ ಒಳಗೇ ಎಸಿಎಲ್ ಹುಡುಕುವ ಹಳೆಯ ನಿಯಮ ನಿಮ್ಮಲ್ಲಿ ಇದ್ದರೆ, ಹೊಸ ರೀತಿಯ ಕೋಡ್‌ಗೆ ಅದು ಏನೂ ಹೇಳುತ್ತಿಲ್ಲ ಎಂದೇ ತಿಳಿಯಿರಿ. ಪ್ರೊವೈಡರ್‌ನ ದೊಡ್ಡ ಆವೃತ್ತಿ ಬದಲಾದಾಗ ನಿಯಮಗಳನ್ನೂ ಕೂತು ಓದಬೇಕು.

ಇನ್ನೊಂದು ಅನ್‌ಡಿಫೈನ್ಡ್ ಇದಕ್ಕಿಂತ ಮೋಸದ್ದು. ಕೆಲವು ಮೌಲ್ಯ ಅಪ್ಲೈ ಆದ ಮೇಲೆ ಮಾತ್ರ ಗೊತ್ತಾಗುತ್ತದೆ. ಪ್ಲ್ಯಾನ್‌ನ ‘ಆಫ್ಟರ್’ ಭಾಗದಲ್ಲಿ ಅಂಥ ಫೀಲ್ಡ್ ಇರುವುದೇ ಇಲ್ಲ. ಪಕ್ಕದ ‘ಆಫ್ಟರ್ ಅನ್‌ನೋನ್’ ಎಂಬ ಭಾಗದಲ್ಲಿ ಅದಕ್ಕೆ ಟ್ರೂ ಎಂದಿರುತ್ತದೆ. ಆಫ್ಟರ್ ಮಾತ್ರ ನೋಡುವ ನಿಯಮಕ್ಕೆ ಅಲ್ಲಿ ಏನೂ ಕಾಣದು, ಪಾಸ್ ಮಾಡುತ್ತದೆ. ನಾವೀಗ ಮುಖ್ಯ ಫೀಲ್ಡ್‌ಗಳು ಆಫ್ಟರ್ ಅನ್‌ನೋನ್‌ನಲ್ಲಿ ಕಂಡರೆ ಡಿನೈ ಮಾಡುತ್ತೇವೆ. ಗೊತ್ತಿಲ್ಲದ್ದನ್ನು ಒಳ್ಳೆಯದು ಎಂದುಕೊಳ್ಳುವ ಧೈರ್ಯ ನನಗಿಲ್ಲ. ಜಾಸ್ತಿ ಕಿರಿಕಿರಿ ಆಗುವ ಕಡೆ ಎಚ್ಚರಿಕೆ ಮಟ್ಟಕ್ಕೆ ಇಳಿಸಬಹುದು. ಆದರೆ ಎಚ್ಚರಿಕೆ ಬಂದರೂ ಎಕ್ಸಿಟ್ ಕೋಡ್ 0ಯೇ. ಎಚ್ಚರಿಕೆಗೂ ನಿಲ್ಲಬೇಕು ಎಂದರೆ ‘ಫೇಲ್ ಆನ್ ವಾರ್ನ್’ ಫ್ಲ್ಯಾಗ್ ಬೇಕು.

ನಿಯಮ ಯಾವ ಸಾಲಿನಲ್ಲಿ ನಿಂತಿತು ಎಂದು ತಿಳಿಯಲು ‘ಟ್ರೇಸ್’ ಫ್ಲ್ಯಾಗ್ ಹಾಕಿ ಓಡಿಸಿ. ಔಟ್‌ಪುಟ್ ಉದ್ದ ಬರುತ್ತದೆ, ಹೆದರಬೇಡಿ. ‘ಫೇಲ್’ ಎಂದು ಬರುವ ಮೊದಲ ಸಾಲಿನ ಹತ್ತಿರವೇ ಉತ್ತರ ಇರುತ್ತದೆ. ಅದು ಓದಲು ಕಷ್ಟವಾದರೆ ನಿಯಮದ ಸಾಲುಗಳನ್ನು ಕೆಳಗಿನಿಂದ ಒಂದೊಂದಾಗಿ ಕಾಮೆಂಟ್ ಮಾಡುತ್ತಾ ಬನ್ನಿ. ಯಾವ ಸಾಲು ತೆಗೆದಾಗ ಡಿನೈ ಹುಟ್ಟಿತೋ ಆ ಸಾಲೇ ಅಪರಾಧಿ. ನಾನು ಅಂದು ಹುಡುಕಿದ್ದು ಈ ಎರಡನೇ ರೀತಿಯಲ್ಲಿ.

ಕೆಂಪು ಬರಬಾರದಲ್ಲಿ ಕೆಂಪು ಬಂದರೆ

ಇದು ಉಲ್ಟಾ ದೋಷ. ಅಪಾಯ ಕಡಿಮೆ, ಆದರೆ ತಂಡದ ತಾಳ್ಮೆ ತಿನ್ನುತ್ತದೆ. ಇದರಿಂದ ಬೇಸತ್ತೇ ಜನ ತಪಾಸಣೆಯನ್ನು ಆಫ್ ಮಾಡುವುದು.

ಎಲ್ಲ ನಿಯಮಗಳೂ ಒಂದೇ ದಿನ ಪಾರ್ಸ್ ಎರರ್ ಕೊಟ್ಟರೆ ಸಾಧನದ ಆವೃತ್ತಿ ನೋಡಿ. 2024ರ ಡಿಸೆಂಬರ್‌ನಲ್ಲಿ ಓಪನ್ ಪಾಲಿಸಿ ಏಜೆಂಟ್ 1.0 ಬಂದಾಗ ನಿಯಮಗಳಲ್ಲಿ ‘ಇಫ್’, ‘ಕಂಟೇನ್ಸ್’ ಪದಗಳು ಕಡ್ಡಾಯವಾದವು. ಪೈಪ್‌ಲೈನ್‌ನಲ್ಲಿ ‘ಲೇಟೆಸ್ಟ್’ ಇಮೇಜ್ ಬಳಸುತ್ತಿದ್ದರೆ ನಿಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗದೆಯೂ ಎಲ್ಲ ಮುರಿಯುತ್ತದೆ. ಆವೃತ್ತಿ ಸಂಖ್ಯೆ ಬರೆದು ಕಟ್ಟಿಹಾಕಿ. ಹಳೆಯ ನಿಯಮಗಳನ್ನು ಹೊಸ ರೂಪಕ್ಕೆ ತರಲು ‘ಓಪಾ ಎಫ್‌ಎಂಟಿ’ (opa fmt) ಕಮಾಂಡ್‌ನಲ್ಲೇ ಆಯ್ಕೆ ಇದೆ.

ರಿಸೋರ್ಸ್ ಅಳಿಸಲು ಹೋದರೂ ನಿಯಮ ತಡೆದರೆ, ಕಾರಣ ಸಾಮಾನ್ಯವಾಗಿ ಇದು. ಅಳಿಸುವಾಗ ಆಫ್ಟರ್ ಭಾಗ ನಲ್ ಆಗಿರುತ್ತದೆ. ‘ಎನ್‌ಕ್ರಿಪ್ಷನ್ ಇಲ್ಲದಿದ್ದರೆ ಡಿನೈ’ ಎಂಬ ನಿಯಮಕ್ಕೆ ನಲ್‌ನಲ್ಲಿ ಎನ್‌ಕ್ರಿಪ್ಷನ್ ಕಾಣುವುದಿಲ್ಲ, ಡಿನೈ ಮಾಡುತ್ತದೆ. ಯಾವ ಕ್ರಿಯೆ ನಡೆಯುತ್ತಿದೆ ಎಂಬುದು ‘ಆ್ಯಕ್ಷನ್ಸ್’ ಪಟ್ಟಿಯಲ್ಲಿ ಇರುತ್ತದೆ. ‘ಕ್ರಿಯೇಟ್’ ಅಥವಾ ‘ಅಪ್‌ಡೇಟ್’ ಇದ್ದಾಗ ಮಾತ್ರ ನಿಯಮ ಓಡಲಿ. ಏನೂ ಬದಲಾಗದ ಹಳೆಯ ರಿಸೋರ್ಸ್‌ಗಳೂ ರಿಸೋರ್ಸ್ ಚೇಂಜಸ್‌ನಲ್ಲಿ ‘ನೋ ಆಪ್’ ಎಂಬ ಕ್ರಿಯೆಯೊಂದಿಗೆ ಬರುತ್ತವೆ. ಸಂಬಂಧವೇ ಇಲ್ಲದ ಬದಲಾವಣೆ ಅವುಗಳಿಂದ ನಿಲ್ಲಬಾರದು. ಆದರೆ ಅವನ್ನು ಪೂರ್ತಿ ಬಿಟ್ಟರೆ ಹಳೆಯ ತಪ್ಪು ಹಾಗೇ ಉಳಿಯುತ್ತದೆ. ನಾವು ರಾತ್ರಿ ಒಂದು ಸಲ ಎಲ್ಲವನ್ನೂ ನೋಡುವ ಬೇರೆ ಜಾಬ್ ಇಟ್ಟಿದ್ದೇವೆ.

ಮತ್ತೆ ಆಗದ ಹಾಗೆ

ಪರೀಕ್ಷೆಗೆ ಇಟ್ಟ ಆ ಕೆಟ್ಟ ಸೆಕ್ಯುರಿಟಿ ಗ್ರೂಪ್‌ನ ಪ್ಲ್ಯಾನ್ ಫೈಲನ್ನು ನಾವು ಅಳಿಸಲಿಲ್ಲ. ರೆಪೊದಲ್ಲಿ ‘ಕೆಟ್ಟವು’ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಇಟ್ಟೆವು. ಈಗ ಅಲ್ಲಿ ಪ್ರತಿ ನಿಯಮಕ್ಕೂ ಕನಿಷ್ಠ ಒಂದು ಕೆಟ್ಟ ಪ್ಲ್ಯಾನ್ ಇದೆ. ಪೋರ್ಟ್ ನಿಯಮಕ್ಕೆ ಐದು ಇವೆ. ನಿಜವಾದ ತಪಾಸಣೆಗೆ ಮೊದಲು ಪೈಪ್‌ಲೈನ್ ಇವನ್ನು ಒಂದೊಂದಾಗಿ ಅದೇ ಸ್ಕ್ರಿಪ್ಟ್‌ನಿಂದ, ಅದೇ ಫ್ಲ್ಯಾಗ್‌ಗಳಿಂದ ಓಡಿಸುತ್ತದೆ. ಪ್ರತಿಯೊಂದೂ ಫೇಲ್ ಆಗಲೇಬೇಕು. ಒಂದು ಪಾಸ್ ಆದರೂ ಪೈಪ್‌ಲೈನ್ ನಿಲ್ಲುತ್ತದೆ. ಅದೇ ಸ್ಕ್ರಿಪ್ಟ್ ಎಂಬುದು ಮುಖ್ಯ. ‘ಕಾನ್ಫ್‌ಟೆಸ್ಟ್ ವೆರಿಫೈ’ ಕಮಾಂಡ್‌ನಿಂದ ನಿಯಮಗಳ ಯೂನಿಟ್ ಟೆಸ್ಟ್ ಕೂಡ ಓಡಿಸಬಹುದು, ನಾವೂ ಓಡಿಸುತ್ತೇವೆ. ಆದರೆ ಪೈಪ್‌ನಲ್ಲಿ ಬಿದ್ದುಹೋದ ಎಕ್ಸಿಟ್ ಕೋಡ್ ಅದಕ್ಕೆ ಸಿಗುತ್ತಿರಲಿಲ್ಲ, ಬಿಟ್ಟುಹೋದ ನೇಮ್‌ಸ್ಪೇಸ್ ಕೂಡ ಸಿಗುತ್ತಿರಲಿಲ್ಲ.

ಜೊತೆಗೆ ಟೆಸ್ಟ್‌ಗಳ ಸಂಖ್ಯೆ ಎಣಿಸುತ್ತೇವೆ. ಕಾನ್ಫ್‌ಟೆಸ್ಟ್‌ನ ಔಟ್‌ಪುಟ್ ಅನ್ನು ಜೇಸನ್ ರೂಪದಲ್ಲಿ ತೆಗೆದು, ಮೊದಲಿಗಿಂತ ಕಡಿಮೆಯಾದರೆ ನಿಲ್ಲಿಸುತ್ತೇವೆ. ನಿಯಮವೊಂದನ್ನು ನಿಜವಾಗಿ ತೆಗೆದಿದ್ದರೆ ಆ ಸಂಖ್ಯೆಯನ್ನೂ ಕೈಯಿಂದ ಬದಲಾಯಿಸಬೇಕು. ಸಣ್ಣ ಕಿರಿಕಿರಿ, ಸಹಿಸಬಹುದು.

ಪ್ಲ್ಯಾನ್ ಫೈಲ್‌ಗಳನ್ನು ಹೀಗೆ ಇಟ್ಟುಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಟೆರಾಫಾರ್ಮ್ ಸ್ಕ್ರೀನ್ ಮೇಲೆ ಪಾಸ್‌ವರ್ಡ್ ಮುಚ್ಚಿ ‘ಸೆನ್ಸಿಟಿವ್’ ಎಂದು ತೋರಿಸುತ್ತದೆ. ಜೇಸನ್‌ನಲ್ಲಿ ಅದೇ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೆ ಇರುತ್ತದೆ. ರೆಪೊಗೆ ಹಾಕುವ ಕೆಟ್ಟ ಪ್ಲ್ಯಾನ್‌ಗಳನ್ನು ಸುಳ್ಳು ಮೌಲ್ಯ ಕೊಟ್ಟು ತಯಾರಿಸಿ. ನಿಜವಾದ ಪ್ಲ್ಯಾನ್‌ನ ಜೇಸನ್ ಅನ್ನು ಎಲ್ಲರಿಗೂ ಕಾಣುವ ಆರ್ಟಿಫ್ಯಾಕ್ಟ್ ಆಗಿ ಉಳಿಸಬೇಡಿ. ತಪಾಸಣೆ ಮುಗಿದ ಕೂಡಲೇ ಅಳಿಸಿ, ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆಗೆ ಇಟ್ಟುಕೊಂಡ ಪ್ರತಿಯನ್ನೂ ಸೇರಿಸಿ.